ಮಾತೆಯ ಮುಂದೆ ಹಾಕಿಸಿದ ಸಹಿ

ಪ್ರತಿ ವರ್ಷ ನವೆಂಬರಿನಲ್ಲಿ ನಾನು ಇನ್ನೂ ಬದುಕಿದ್ದೇನೆ ಎಂದು ಸರ್ಕಾರಕ್ಕೆ ತೋರಿಸಿ ಬರಬೇಕು. ಪಿಂಚಣಿ ತಿನ್ನುವ ಮಾಸ್ತರರ ಹಣೆಬರಹ ಅದು. ಈ ಸಲ ಬ್ಯಾಂಕಿಗೆ ಹೋದಾಗ ಬೆರಳು ಓದುವ ಯಂತ್ರ ನನ್ನ ಹೆಬ್ಬೆರಳನ್ನು ಒಪ್ಪಲಿಲ್ಲ. ಒರೆಸಿ ಇಟ್ಟೆ, ಊದಿ ಇಟ್ಟೆ, ಎಡಗೈಯದನ್ನೂ ಇಟ್ಟೆ. ಆಯುಷ್ಯವೆಲ್ಲ ಸೀಮೆಸುಣ್ಣ ಹಿಡಿದು ಗೆರೆಗಳು ಸವೆದಿವೆ ಎಂದು ನಾನು ತಮಾಷೆ ಮಾಡಿದ್ದನ್ನು ಕೌಂಟರಿನ ಹೆಣ್ಣುಮಗಳು ನಗದೆ ಕೇಳಿಸಿಕೊಂಡಳು. ಕಡೆಗೆ ಡ್ರಾಯರಿನ ತಳದಿಂದ ಹಳೆಯದೊಂದು ಇಂಕ್ ಪ್ಯಾಡ್ ತೆಗೆದು ಮುಚ್ಚಳ ಬಿಚ್ಚಿದಳು. ನೇರಳೆ ಶಾಯಿಯ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಬಂದ ಕೆಲಸವನ್ನೇ ಮರೆತೆ. "ಒತ್ರಿ ಅಜ್ಜಾರ" ಎಂದು ಆಕೆ ಎರಡು ಸಲ ಹೇಳಬೇಕಾಯಿತು.

ನಿಮಗೆ ಆ ವಾಸನೆಯಿಂದ ಅಂಚೆ ಕಚೇರಿ ನೆನಪಾಗಬಹುದು, ಇಲ್ಲವೇ ಮತಗಟ್ಟೆ. ನನಗೆ ಅದು ಅರ್ಜಿಯ ವಾಸನೆ. ಧಾರವಾಡದ ನಮ್ಮ ಕ್ಯಾಥೊಲಿಕ್ ಚರ್ಚಿನ ಜನಕ್ಕೆ ಏನೇ ಅರ್ಜಿ ಬರೆಯಬೇಕಾದರೂ ಸಪ್ತಾಪುರದ ನನ್ನ ಮನೆಯ ಗೇಟು ಸಪ್ಪಳವಾಗುತ್ತಿತ್ತು. ನಳಕ್ಕೆ ನೀರು ಎಂಟು ದಿನಕ್ಕೊಮ್ಮೆ ಬರುತ್ತದೆ ಎಂದು ಪಾಲಿಕೆಗೆ, ಸ್ಮಶಾನದ ಗೋಡೆ ಬಿದ್ದಿದೆ ಎಂದು ಡೀಸಿಯವರಿಗೆ, ಕನ್ನಡ ಪೂಜೆಯನ್ನು ಬೆಳಗಿನ ಆರು ಗಂಟೆಗೆ ತಳ್ಳಿದ್ದಾರೆ ಎಂದು ಬಿಷಪ್ಪರಿಗೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು ನಾನು. ನನ್ನ ಅಕ್ಷರ ದುಂಡಗಿತ್ತು, ವಾಕ್ಯ ಅದಕ್ಕಿಂತ ದುಂಡಗಿತ್ತು. ನನ್ನ ಅರ್ಜಿ ಓದಿ ಬಿಷಪ್ಪರು ಕಣ್ಣೊರೆಸಿಕೊಂಡರಂತೆ ಎಂದು ಯಾರೋ ಹೇಳಿದ್ದನ್ನು ನಾನು ಇಪ್ಪತ್ತು ಜನರಿಗಾದರೂ ಹೇಳಿದ್ದೇನೆ. ಈಗ ನಿಮಗೂ ಹೇಳಿದೆ.

ಆ ಅರ್ಜಿಗಳಲ್ಲೆಲ್ಲ ನಾನು ಅತ್ಯಂತ ಚೆನ್ನಾಗಿ ಬರೆದದ್ದು ಕೆಲವು ವರ್ಷಗಳ ಹಿಂದಿನ ಒಂದು ಅರ್ಜಿ. ನನ್ನ ಕೈಯಿಂದ ಆದ ಅತ್ಯಂತ ಕೆಟ್ಟ ಕೆಲಸವೂ ಅದೇ. ಅದನ್ನು ಹೇಳಬೇಕಾದರೆ ಮೊದಲು ನಮ್ಮ ಫಾದರ್ ಸಿರಿಲ್ ಅವರ ಬಗ್ಗೆ ಹೇಳಬೇಕು.

ಫಾದರ್ ಸಿರಿಲ್ ಆಗ ನಮ್ಮ ಚರ್ಚಿನ ಗುರುಗಳು. ನಲವತ್ತೈದರ ಗಟ್ಟಿ ಆಳು, ಬುಲೆಟ್ ಗಾಡಿ, ಪೂಜೆಯಲ್ಲಿ ಹಾಡಿದರೆ ಹಿಂದಿನ ಬಾಗಿಲವರೆಗೆ ಕೇಳುವ ಕಂಠ. ಬಂದ ಎರಡೇ ವರ್ಷದಲ್ಲಿ ಗಾಯನ ತಂಡ ಕಟ್ಟಿದರು, ಜಡ್ಡಿನವರ ಮನೆಗಳಿಗೆ ವಾರಕ್ಕೊಮ್ಮೆ ಹೋದರು. ನನ್ನ ಪಿತ್ತಕೋಶದ ಆಪರೇಷನ್ ದಿನ ಬೆಳಗಿನ ಐದೂವರೆಗೆ ಆಸ್ಪತ್ರೆಗೆ ಬಂದು, ನನ್ನ ಕೈ ಹಿಡಿದುಕೊಂಡು ಥಿಯೇಟರಿನ ಬಾಗಿಲ ತನಕ ನಡೆದವರು ಅವರು. ನನ್ನ ಮನೆಯಾಕೆ ಫಿಲೋಮಿನಾ ಅಂದು ಅವರ ಕಾಲಿಗೆ ಬೀಳುವುದೊಂದು ಬಾಕಿ. ಇದನ್ನೆಲ್ಲ ನಾನು ಇಂದಿಗೂ ಅಲ್ಲಗಳೆಯುವುದಿಲ್ಲ. ಅದೂ ನಡೆದದ್ದೇ, ಇದೂ ನಡೆದದ್ದೇ.

ಒಂದು ಭಾನುವಾರ ಪೂಜೆಗೆ ಫಾದರ್ ಸಿರಿಲ್ ಬರಲಿಲ್ಲ. ಅವರ ಬದಲು ಹುಬ್ಬಳ್ಳಿಯಿಂದ ಸ್ಕೂಟರಿನ ಮೇಲೆ ಬಂದ ಮುದಿ ಫಾದರ್ ಒಬ್ಬರು ಪೂಜೆ ಮುಗಿಸಿ ಬಿಷಪ್ಪರ ಪತ್ರ ಓದಿದರು. ಫಾದರ್ ಸಿರಿಲ್ ಅವರ ನಡತೆಯ ಬಗ್ಗೆ ಒಂದು ದೂರು ಬಂದಿದೆ, ಚರ್ಚಿನ ನಿಯಮದ ಪ್ರಕಾರ ವಿಚಾರಣೆ ಮುಗಿಯುವ ತನಕ ಅವರು ಕೆಲಸದಿಂದ ದೂರ ಇರುತ್ತಾರೆ, ಇದು ಶಿಕ್ಷೆಯಲ್ಲ, ದೂರು ಕೊಟ್ಟವರು ಯಾರೆಂದು ಯಾರೂ ಹುಡುಕಬಾರದು. ಪತ್ರ ಇಷ್ಟೇ. ಕೊನೆಯ ವಾಕ್ಯ ಮುಗಿಯುವ ಹೊತ್ತಿಗೆ ಇಡೀ ಚರ್ಚು ಹುಡುಕಲು ಸುರು ಮಾಡಿತ್ತು. ಹೊರಗೆ ಚಪ್ಪಲಿ ಮೆಟ್ಟುವಷ್ಟರಲ್ಲಿ ನಾನು ಮೂರು ಹೆಸರು ಕೇಳಿದೆ, ಮೂರೂ ಸುಳ್ಳು.

ಆ ನಿಯಮಗಳ ಮೇಲೆ ನಮಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಹೇಳಲಾರೆ. ದೂರು ಕೊಟ್ಟವರಿಗೆ ಮುಖವಿಲ್ಲ, ಹೆಸರಿಲ್ಲ. ಫಾದರಿಗೆ ಮಾತ್ರ ಊರೆಲ್ಲ ಹೆಸರು. ಇದ್ಯಾವ ನ್ಯಾಯ ಎಂದು ಅಂತೋಣಿ ಚರ್ಚಿನ ಮೆಟ್ಟಿಲ ಮೇಲೆ ನಿಂತು ಕೇಳಿದ. ಅಂತೋಣಿ ಎಂದರೆ ರೇಲ್ವೆಯಿಂದ ನಿವೃತ್ತನಾದ ನನ್ನ ಗೆಳೆಯ, ಎರಡು ಹೆಣ್ಣುಮಕ್ಕಳ ತಂದೆ, ದಿನಾ ಬೆಳಿಗ್ಗೆ ಕಾಲೇಜು ಮೈದಾನದಲ್ಲಿ ನನ್ನ ಜೊತೆ ವಾಕಿಂಗ್ ಮಾಡುವವನು. ಎಲ್ಲರೂ ನನ್ನ ಕಡೆ ನೋಡಿದರು. ಅರ್ಜಿ ಬರೆಯದೆ ಇರುವುದು ಹೇಗೆ?

ಮೂರು ದಿನ ಕೂತು ಬರೆದೆ. ಎರಡು ಪುಟ. ಫಾದರ್ ಸಿರಿಲ್ ಅವರ ಸೇವೆಯನ್ನು ವರ್ಣಿಸಿದ ಮೇಲೆ ದೂರಿಗೆ ಬಂದು, "ಇದು ಕೆಲವು ಕ್ಷುದ್ರ ಮನಸ್ಸುಗಳು ಕತ್ತಲಲ್ಲಿ ಕೂತು ಹೆಣೆದ ಕಟ್ಟುಕತೆಯೆಂದು ನಾವು ಪ್ರಮಾಣಪೂರ್ವಕವಾಗಿ ಹೇಳುತ್ತೇವೆ" ಎಂದು ಬರೆದೆ. ಫಿಲೋಮಿನಾಳಿಗೆ ಓದಿ ತೋರಿಸಿದೆ. ಏನಾಗಿದೆ ಅಂತ ನಿಮಗ ಗೊತ್ತೈತೇನು ಎಂದು ಕೇಳಿದಳು. ನಾನು ಕನ್ನಡಕ ತೆಗೆದು ಆಕೆಯನ್ನು ನೋಡಿದೆ. ಆ ನೋಟಕ್ಕೆ ಹತ್ತನೇ ತರಗತಿಯ ಉಡಾಳರೇ ತಲೆ ತಗ್ಗಿಸುತ್ತಿದ್ದರು. ಆಕೆ ಪೆನ್ನು ತೆಗೆದುಕೊಂಡು ಮೊದಲ ಸಹಿ ಮಾಡಿದಳು.

ಇನ್ನು ಮಿಕ್ಕವರ ಸಹಿ ಸಂಗ್ರಹಿಸುವ ಕೆಲಸ. ಆಗ ಅಕ್ಟೋಬರ್ ಹತ್ತಿರವಿತ್ತು. ಅಕ್ಟೋಬರ್ ನಮಗೆ ಜಪಸರದ ತಿಂಗಳು. ಗಾಜಿನ ಮುಖದ ಮರದ ಪೆಟ್ಟಿಗೆಯಲ್ಲಿ ನಿಂತ ಮೊಳದುದ್ದದ ಮರಿಯಮ್ಮ ಮಾತೆಯ ಪ್ರತಿಮೆ ಚರ್ಚಿನಿಂದ ಹೊರಟು ದಿನಕ್ಕೊಂದು ಮನೆಯಲ್ಲಿ ಉಳಿಯುತ್ತದೆ. ಸಂಜೆ ಏಳಕ್ಕೆ ಆಚೀಚೆಯವರು ಸೇರಿ ಜಪಸರ ಹೇಳುತ್ತಾರೆ, ಹಾಡುತ್ತಾರೆ, ಆಮೇಲೆ ಮಂಡಕ್ಕಿ ಸೂಸಲಾ, ಮಿರ್ಚಿ, ಚಹಾ. ಮರುದಿನ ಆ ಮನೆಯವರೇ ಮಾತೆಯನ್ನು ಮುಂದಿನ ಮನೆಗೆ ಮುಟ್ಟಿಸುತ್ತಾರೆ. ಮನೆಗಳು ಹೆಚ್ಚು, ದಿನಗಳು ಮೂವತ್ತೊಂದೇ. ಚೀಟಿ ಎತ್ತಿ ಮನೆ ಆರಿಸುವ ದಿನ ನಮ್ಮಲ್ಲಿ ಆಗುವ ಜಗಳ ನೀವು ನೋಡಬೇಕು. ಮಾತೆ ಶಾಂತವಾಗಿ ನೋಡುತ್ತಿರುತ್ತಾಳೆ.

ಅರ್ಜಿಯೂ ಮಾತೆಯ ಜೊತೆಗೇ ಹೋಗಲಿ ಎಂಬ ಉಪಾಯ ನನ್ನದು. ಇದನ್ನು ಬೇರೆ ಯಾರ ಮೇಲಾದರೂ ಹಾಕಲು ಬಹಳ ಯತ್ನಿಸಿದ್ದೇನೆ, ಯಾರೂ ಸಿಗಲಿಲ್ಲ. ಜಪಸರ ಮುಗಿದ ಕೂಡಲೇ ನಾನು ಎದ್ದು ನಿಂತು ಅರ್ಜಿಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಓದಿ ಮಾತೆಯ ಪೆಟ್ಟಿಗೆಯ ಮುಂದೆ ಮೇಣದಬತ್ತಿಯ ಪಕ್ಕ ಇಡುತ್ತಿದ್ದೆ. ಒಬ್ಬೊಬ್ಬರೇ ಬಂದು ಮಾತೆಗೆ ಕೈ ಮುಗಿದು ಸಹಿ ಮಾಡಬೇಕು. ಸಹಿ ಬಾರದ ಅಜ್ಜಿಯರಿಗೆ ಇಂಕ್ ಪ್ಯಾಡ್. ಮಲ್ಲಿಗೆ, ಮೇಣ, ನೇರಳೆ ಶಾಯಿ, ಎಲ್ಲ ಕೂಡಿ ಆ ತಿಂಗಳಿಡೀ ನನ್ನ ಅಂಗಿಗೆ ಒಂದು ವಾಸನೆ ಹತ್ತಿತ್ತು. ಮೂವತ್ತೊಂದು ಮನೆಯಲ್ಲಿ ಒಬ್ಬರೂ ಒಲ್ಲೆ ಎನ್ನಲಿಲ್ಲ. ಪ್ರತಿಮೆ ಚರ್ಚಿಗೆ ಮರಳಿದ ದಿನ ನನಗೆ ಚುನಾವಣೆ ಗೆದ್ದ ಹಾಗೆ ಆಗಿತ್ತು.

ನವೆಂಬರ್ ಕಳೆದು ಡಿಸೆಂಬರ್ ಬಂತು. ಅಷ್ಟರಲ್ಲಿ ಚರ್ಚಿನಲ್ಲಿ ಹಲವು ಬದಲಾವಣೆ. ಪೂಜಾವಸ್ತ್ರಗಳನ್ನು ಇಡುವ ಕೋಣೆಗೆ ನಾವು ಸಾಕ್ರಿಸ್ಟಿ ಎನ್ನುತ್ತೇವೆ. ಅದರ ಸಾಗವಾನಿ ಬಾಗಿಲು ಕಿತ್ತು ಗಾಜಿನ ಬಾಗಿಲು ಕೂಡಿಸಿದರು. ಗುರುಗಳು ಯಾರೊಬ್ಬರ ಜೊತೆಗೂ ಮುಚ್ಚಿದ ಕೋಣೆಯಲ್ಲಿ ಕೂರಬಾರದು ಎಂದು ಸುತ್ತೋಲೆ ಬಂತು. ಮುದಿ ಫಾದರ್ ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಪಾಪನಿವೇದನೆಗೆ ಅಂಗಳದ ಬೇವಿನ ಮರದ ಕೆಳಗೆ ಎರಡು ಕುರ್ಚಿ ಹಾಕಿಸಿದರು. ಅವರಿಗೋ ಕಿವಿ ಮಂದ. ಜನ ತಮ್ಮ ಪಾಪಗಳನ್ನು ಎರಡೆರಡು ಸಲ, ಎರಡನೇ ಸಲ ಜೋರಾಗಿ ಹೇಳಬೇಕಾಗಿ ಬಂತು. ಉಳಿದವರು ಮರ್ಯಾದೆಯಿಂದ ಕಂಪೌಂಡಿನ ಆಚೆ ಹೋಗಿ ನಿಲ್ಲುತ್ತಿದ್ದೆವು. ಮಕ್ಕಳು ಓಡಿ ಬಂದರೆ ಆ ಮುದುಕರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಗುತ್ತಿದ್ದರು. ಅದನ್ನು ಕಂಡು ನನಗೆ ಕನಿಕರವಾಗಿ, ಎಂಥ ಕಾಲ ಬಂತು ಫಾದರ್ ಎಂದೆ. ಅವರು ಹಾಗೆ ತಿಳಿದಿರಲಿಲ್ಲ. ಐವತ್ತು ವರ್ಷ ಮೊದಲೇ ಈ ನಿಯಮ ಬಂದಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು, ತಮ್ಮಂಥ ಗುರುಗಳೂ ಉಳಿಯುತ್ತಿದ್ದರು ಎಂದರು. ನನಗೆ ಆ ಮಾತು ಆಗ ಹಿಡಿಸಲಿಲ್ಲ.

ಕ್ರಿಸ್‌ಮಸ್ಸಿಗೆ ಹತ್ತು ದಿನವಿದ್ದಾಗ ಒಂದು ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಹೆಸರು ವಿನೀತಾ ಎಂದು ಇಟ್ಟುಕೊಳ್ಳಿ. ಅದು ಆಕೆಯ ಹೆಸರಲ್ಲ. ಆಕೆಯ ವಯಸ್ಸು, ಓಣಿ, ಕೆಲಸ ಯಾವುದನ್ನೂ ನಾನು ಇಲ್ಲಿ ಇದ್ದದ್ದು ಇದ್ದ ಹಾಗೆ ಹೇಳುವುದಿಲ್ಲ. ನಮ್ಮ ಚರ್ಚಿನ ಅರ್ಧ ಹೆಣ್ಣುಮಕ್ಕಳು ನನ್ನ ವಿದ್ಯಾರ್ಥಿನಿಯರೇ ಆದ್ದರಿಂದ ಅಷ್ಟು ಹೇಳಿದರೆ ತೊಂದರೆಯಿಲ್ಲ. ಇದನ್ನು ಬರೆಯುವ ಮೊದಲು ಆಕೆಯನ್ನು ಕೇಳಿದ್ದೇನೆ. ಬರೀರಿ, ಆದರೆ ನಾನು ಅದರೊಳಗೆ ಸಿಗಬಾರದು ಎಂದು ಒಪ್ಪಿದ್ದಾಳೆ. ಮೂವತ್ತರ ಆಸುಪಾಸಿನವಳು, ದುಡಿಯುವವಳು, ಗಟ್ಟಿ ಮನಸ್ಸಿನವಳು. ಇದಿಷ್ಟು ನಿಜ.

ಫಿಲೋಮಿನಾ ಪೇಟೆಗೆ ಹೋಗಿದ್ದಳು. ವಿನೀತಾ ಹೊರಗಿನ ಕಟ್ಟೆಯ ಮೇಲೇ ಕೂತಳು. ಅರ್ಜಿಯಿಂದ ತನ್ನ ಹೆಸರು ತೆಗೆಯಬೇಕು ಎಂದಳು. ನಾನು ನಕ್ಕೆ. ಅರ್ಜಿ ಬಿಷಪ್ಪರನ್ನು ಮುಟ್ಟಿ ತಿಂಗಳ ಮೇಲಾಯಿತು, ನಿನ್ನ ಒಂದು ಹೆಸರು ಅಲ್ಲಿ ಯಾರಿಗೆ ಭಾರ ಆಗಿದೆ ಎಂದು ಚಾಷ್ಟಿ ಮಾಡಿದೆ.

"ದೂರು ಕೊಟ್ಟಾಕಿ ನಾನ ರೀ, ಸರ."

ಆಕೆ ಅಳಲಿಲ್ಲ, ದನಿ ಎತ್ತಲಿಲ್ಲ. ಹಾಜರಿ ಕರೆದಾಗ ಹೇಳುವ ಹಾಗೆ ಹೇಳಿದಳು. ನನ್ನ ಬಾಯಿಂದ ಹೊರಬಿದ್ದ ಮೊದಲ ಮಾತನ್ನು ಮುಚ್ಚಿಡಬಹುದಿತ್ತು, ಮುಚ್ಚಿಡುವುದಿಲ್ಲ. "ಮತ್ತ ಸಹಿ ಯಾಕ ಮಾಡಿದಿ?" ಎಂದೆ.

"ಎಲ್ಲಾರೂ ಮಾಡಾಕತ್ತಿದ್ರು. ನಾ ಒಬ್ಬಾಕಿ ಒಲ್ಲೆ ಅಂದಿದ್ರ ಅಲ್ಲೇ ಗೊತ್ತಾಗಿಬಿಡತಿತ್ತು. ಪೆನ್ನು ನೀವ ನನ್ನ ಕೈಯಾಗ ಕೊಟ್ರಿ, ಸರ."

ನೆನಪಿಗೆ ಬಂತು. ಆಕೆ ಹಿಂದೆ, ಗೋಡೆಗೆ ಒರಗಿ ಕೂತಿದ್ದಳು. ಎಲ್ಲರ ಸಹಿ ಮುಗಿದ ಮೇಲೆ ನಾನೇ, ನಿನ್ನ ಅಕ್ಷರ ಎಲ್ಲರಿಗಿಂತ ಚೆಂದ, ಬಾ ಎಂದು ಕರೆದಿದ್ದೆ. ಮೂವತ್ತು ಜನ ನೋಡುತ್ತಿದ್ದರು, ಮಾತೆಯ ಮುಂದೆ ಮೇಣದಬತ್ತಿ ಉರಿಯುತ್ತಿತ್ತು. ಸಹಿ ಮಾಡಿದ್ದಳು. ಚೆಂದ ಮಾಡಿದ್ದಳು.

ಮದುವೆಯ ಮಾತುಕತೆಯ ಗೊಂದಲದಲ್ಲಿ ಸಲಹೆ ಕೇಳಲು ಆಕೆ ಫಾದರ್ ಸಿರಿಲ್ ಅವರ ಹತ್ತಿರ ಹೋಗಿದ್ದಳಂತೆ. ಮುಂದಿನದನ್ನು ಎರಡೇ ವಾಕ್ಯದಲ್ಲಿ ಹೇಳಿದಳು. ಅವನ್ನು ಇಲ್ಲಿ ಬರೆಯಲಾರೆ. ಸಾಕ್ರಿಸ್ಟಿಯ ಹಳೆಯ ಬಾಗಿಲಿಗೆ ಒಳಗಿನಿಂದ ಚಿಲಕವಿತ್ತು ಎಂದಷ್ಟು ಹೇಳುತ್ತೇನೆ. ಆಕೆಯ ಮಾತು ನನಗೆ ಖರೆ ಅನ್ನಿಸಿತು. ನಲವತ್ತು ವರ್ಷ ಮಕ್ಕಳ ಸುಳ್ಳು ಕೇಳಿದವನಿಗೆ ನಿಜ ಕೇಳಿದಾಗಲೂ ಗೊತ್ತಾಗುತ್ತದೆ. ಆಕೆಯ ಹೆಸರು ಹೊರಗೆ ಗುಟ್ಟಾಗಿದ್ದರೂ ವಿಚಾರಣೆಯೊಳಗೆ ಗೊತ್ತಿತ್ತು. ಈಗ ಅಲ್ಲಿ ಫಾದರ್ ಸಿರಿಲ್ ಕಡೆಯವರು ನನ್ನ ಅರ್ಜಿಯನ್ನೇ ಮುಂದಿಟ್ಟಿದ್ದರು. ನೋಡಿ, ಇದು ಕಟ್ಟುಕತೆ ಎಂದು ದೂರು ಕೊಟ್ಟವಳೇ ಪ್ರಮಾಣ ಮಾಡಿದ್ದಾಳೆ ಎಂದಿದ್ದರು. "ಕ್ಷುದ್ರ ಮನಸ್ಸುಗಳು ಕತ್ತಲಲ್ಲಿ ಕೂತು" ಎಂಬ ನನ್ನ ವಾಕ್ಯವನ್ನು ವಿನೀತಾ ಪೂರ್ತಿ ಬಾಯಿಪಾಠ ಹೇಳಿದಳು. ನನ್ನ ವಾಕ್ಯ ಕೇಳಿ ನನಗೆ ನಾಚಿಕೆಯಾದದ್ದು ಜನ್ಮದಲ್ಲಿ ಅದೇ ಮೊದಲು. ಆಕೆಯ ಮಾತನ್ನು ವಿಚಾರಣೆಯವರು ನಂಬಬೇಕಾದರೆ ಆ ಸಹಿ ಹೇಗೆ ಬಿತ್ತೆಂದು ನಾನೇ ಹೋಗಿ ಹೇಳಬೇಕಿತ್ತು. ಹೇಳುತ್ತೇನೆ ಎಂದೆ.

ವಿಚಾರಣೆಯ ಸಮಿತಿ ಹುಬ್ಬಳ್ಳಿಯ ಒಂದು ಕಾನ್ವೆಂಟಿನ ಕೋಣೆಯಲ್ಲಿ ಕೂರುತ್ತಿತ್ತು. ಬೇರೆ ಊರಿನ ಫಾದರ್ ಒಬ್ಬರು, ಒಬ್ಬ ಸಿಸ್ಟರ್, ಒಬ್ಬ ವಕೀಲೆ. ನಾನು ಬಸ್ಸಿನಲ್ಲಿ ಹೋದೆ, ದಾರಿಯುದ್ದ ಭಾಷಣ ಜೋಡಿಸಿಕೊಂಡೆ. ಭಾಷಣ ಮಾಡಲು ವಕೀಲೆ ಬಿಡಲಿಲ್ಲ. ಅರ್ಜಿ ಓದಿದ್ದು ಯಾರು, ಎಲ್ಲಿ ಇಟ್ಟಿರಿ, ಪೆನ್ನು ಯಾರ ಕೈಯಲ್ಲಿತ್ತು, ದೀಪ ಇತ್ತೇ, ಒಂದೊಂದೇ ಕೇಳಿದರು. ಎಲ್ಲಕ್ಕೂ ಉತ್ತರ ಕೊಟ್ಟೆ. ಆಮೇಲೆ ಅವರು ಕಾಗದ ಪಕ್ಕಕ್ಕಿಟ್ಟು, "ಮೂವತ್ತೊಂದು ಮನ್ಯಾಗ ಒಬ್ಬರೂ ಒಲ್ಲೆ ಅನ್ನಲಿಲ್ಲ. ನಿಮಗ ಏನೂ ಅನಸಲಿಲ್ಲೇನ್ರಿ?" ಎಂದರು.

"ಹೆಮ್ಮಿ ಅನಿಸಿತ್ರಿ" ಎಂದೆ. ಸಿಸ್ಟರ್ ಅದನ್ನು ಬರೆದುಕೊಂಡರು. ಅಲ್ಲಿಯೇ ಕೂತು ಅರ್ಜಿಯನ್ನು ಹಿಂದಕ್ಕೆ ಪಡೆಯುವ ಪತ್ರ ಬರೆದೆ. ಅದರಲ್ಲಿ ಇದ್ದದ್ದು ನಾಲ್ಕು ಸಾಲು.

ಅಷ್ಟಕ್ಕೇ ಬಿಟ್ಟಿದ್ದರೆ ನನ್ನ ಬಾಳು ಸುಖವಾಗಿರುತ್ತಿತ್ತು. ಆದರೆ ಸಹಿ ಹಾಕಿಸಿದ್ದು ಎಲ್ಲರ ಎದುರಿಗೆ. ಹಿಂದಕ್ಕೆ ತೆಗೆದುಕೊಳ್ಳುವುದು ಮಾತ್ರ ಮುಚ್ಚಿದ ಕೋಣೆಯಲ್ಲಿ ಎಂದರೆ ಹೇಗೆ? ಮುದಿ ಫಾದರನ್ನು ಕೇಳಿ, ಭಾನುವಾರ ಪೂಜೆ ಮುಗಿದ ಮೇಲೆ ಎದ್ದು ನಿಂತೆ. ಏನು ನಡೆದಿದೆ ಎಂದು ತಿಳಿಯದೆ ತಿಳಿದವನ ಹಾಗೆ ಬರೆದೆ, ಮಾತೆಯನ್ನು ಮುಂದಿಟ್ಟುಕೊಂಡು ನಿಮ್ಮನ್ನು ಕಟ್ಟಿಹಾಕಿ ಸಹಿ ತೆಗೆದುಕೊಂಡೆ, ಅರ್ಜಿಯನ್ನು ಹಿಂದಕ್ಕೆ ಪಡೆದಿದ್ದೇನೆ, ಕ್ಷಮಿಸಿ ಎಂದೆ. ಯಾಕೆ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಹೇಳುವ ಹಾಗಿರಲಿಲ್ಲ. ಯಾರೆಂದು ಹೇಳದೆ ಯಾಕೆಂದು ಹೇಳಲು ಬರುವುದಿಲ್ಲ. ಮಾತು ನನ್ನ ಹೊಟ್ಟೆಪಾಡಾಗಿತ್ತು, ನೋಡಿ. ಅವತ್ತು ಬಾಯಿ ಮುಚ್ಚಿಕೊಂಡು ಕೂತೆ. ವಿನೀತಾ ಗಾಯನ ತಂಡದ ಕಡೆಯೂ ಇರಬಹುದು, ಬಾಗಿಲ ಕಡೆಯೂ ಇರಬಹುದು. ನಾನು ಯಾವ ಕಡೆಯೂ ನೋಡಲಿಲ್ಲ.

ಆಮೇಲಿನ ದಿನಗಳು ಕಷ್ಟದವು. ಮಾಸ್ತರಿಗೆ ಅರಳುಮರಳು ಎಂದರು. ಬಿಷಪ್ಪರು ಹೆದರಿಸಿದ್ದಾರೆ ಎಂದರು. ಫಾದರ್ ಸಿರಿಲ್ ನಾನು ಬರೆದ ಒಂದು ನಾಟಕವನ್ನು ಹಬ್ಬದ ದಿನ ಆಡಿಸಲಿಲ್ಲವೆಂಬ ಸೇಡು ಎಂದರು. ಆ ನಾಟಕ ನಿಜಕ್ಕೂ ಆಡಿಸುವ ಹಾಗಿರಲಿಲ್ಲ, ಅದು ನನಗೂ ಗೊತ್ತಿತ್ತು. ನಾಲ್ಕಾರು ಮನೆಯವರು ಭಾನುವಾರದ ಪೂಜೆಗೆ ಹುಬ್ಬಳ್ಳಿಗೆ ಹೋಗತೊಡಗಿದರು. ಅರ್ಜಿ ಬರೆಸಿಕೊಳ್ಳಲು ಯಾರೂ ಬರಲಿಲ್ಲ. ಅಂತೋಣಿ ಮೈದಾನವನ್ನು ನನ್ನ ಎದುರು ದಿಕ್ಕಿನಿಂದ ಸುತ್ತಲು ಸುರು ಮಾಡಿದ. ದಿನಾ ಎರಡು ಸಲ ಎದುರಾಗುತ್ತಿದ್ದೆವು, ಎರಡು ಸಲವೂ ಅವನು ಗಿಡ ನೋಡುತ್ತಿದ್ದ. ಅದು ನನಗೆ ಬಹಳ ನೋವು ಕೊಟ್ಟಿತು. ಮನೆಗೆ ಬಂದು ಸ್ನಾನದ ಮನೆಯಲ್ಲಿ ಅತ್ತದ್ದೂ ಉಂಟು.

ಫಿಲೋಮಿನಾಳಿಗೂ ನಾನು ಏನೂ ಹೇಳಲಿಲ್ಲ. ಆಕೆ ಕೇಳಲೂ ಇಲ್ಲ. ಒಂದು ದಿನ ರೊಟ್ಟಿ ಬಡಿಯುತ್ತ, ಬೆನ್ನು ತಿರುಗಿಸಿಕೊಂಡೇ ಹೇಳಿದಳು: "ನಾನೂ ಮನಸ್ಸಿನಿಂದ ಸಹಿ ಮಾಡಿದ್ದಿಲ್ಲ. ನೀವು ಹಂಗ ನೋಡ್ಕೋತ ಕುಂತಿದ್ರಿ, ಅದಕ್ಕ ಮಾಡಿದೆ." ನನ್ನ ಮನೆಯಲ್ಲೇ ಬಿದ್ದ ಮೊದಲ ಸಹಿಯ ಕತೆ ಹೀಗೆ. ಉಳಿದವುಗಳ ಲೆಕ್ಕ ನೀವೇ ಊಹಿಸಿಕೊಳ್ಳಿ.

ಮುಂದಿನ ಬೇಸಗೆಯಲ್ಲಿ ಬಿಷಪ್ಪರ ಇನ್ನೊಂದು ಪತ್ರ ಬಂತು. ವಿಚಾರಣೆ ಮುಗಿದಿದೆ, ದೂರು ನಿಜವೆಂದು ಕಂಡುಬಂದಿದೆ, ಫಾದರ್ ಸಿರಿಲ್ ಇನ್ನು ಯಾವ ಚರ್ಚಿನ ಹೊಣೆಯನ್ನೂ ಹೊರುವುದಿಲ್ಲ. ಈ ಸಲ ಯಾರೂ ಗುಸುಗುಸು ಎನ್ನಲಿಲ್ಲ. ನನಗೆ ಗೆದ್ದೆ ಅನ್ನಿಸಲಿಲ್ಲ. ಆಸ್ಪತ್ರೆಯಲ್ಲಿ ಹಿಡಿದಿದ್ದ ಕೈ ನೆನಪಾಯಿತು, ಚಿಲಕ ಹಾಕಿದ ಕೈಯೂ ಅದೇ ಎಂಬುದು ನೆನಪಾಯಿತು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಕಲಿಯಬೇಕಾಯಿತು. ಈಗ ಕಲಿತಿದ್ದೇನೆ. ಹೆಸರು ಮುಚ್ಚಿಡುವ ನಿಯಮವನ್ನು ಯಾರಾದರೂ ಬೈದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಆ ನಿಯಮ ಇದ್ದದ್ದರಿಂದಲೇ ಆಕೆ ಇಂದಿಗೂ ನಮ್ಮ ನಡುವೆ ತಲೆಯೆತ್ತಿ ಪೂಜೆಗೆ ಬರುತ್ತಾಳೆ. ಅದನ್ನು ಮುರಿಯುವ ಹತ್ತಿರ ಬಂದವರು ಯಾವ ದುಷ್ಟರೂ ಅಲ್ಲ. ಜಪಸರ ಹಿಡಿದ ನಾವು, ಪೆನ್ನು ಹಿಡಿದ ನಾನು.

ಇಂಕ್ ಪ್ಯಾಡಿಗೆ ಹೆಬ್ಬೆರಳು ಒತ್ತಿ ಬಂದ ಮರುದಿನ ಬೆಳಿಗ್ಗೆ ಎಂದಿನಂತೆ ಮೈದಾನಕ್ಕೆ ಹೋದೆ. ಅಂತೋಣಿ ಈಗ ಒಂದು ವರ್ಷದಿಂದ ಮತ್ತೆ ನನ್ನ ದಿಕ್ಕಿನಲ್ಲೇ ಸುತ್ತುತ್ತಾನೆ. ಹೇಗೆ ಸುರುವಾಯಿತೋ ಇಬ್ಬರಿಗೂ ನೆನಪಿಲ್ಲ, ನೆನಪು ಮಾಡಿಕೊಳ್ಳುವ ಗೋಜಿಗೂ ಹೋಗಿಲ್ಲ. ಮೊದಲ ಸುತ್ತು ಮುಗಿಯುವ ತನಕ ಮಂಡಿನೋವಿನ ಮಾತಾಯಿತು. ಎರಡನೇ ಸುತ್ತಿನಲ್ಲಿ ಅವನು ಇದ್ದಕ್ಕಿದ್ದಂತೆ, ಇಷ್ಟು ವರ್ಷ ಆಯಿತಲ್ಲ, ಆ ಹುಡುಗಿ ಯಾರೆಂದು ನನಗೊಬ್ಬನಿಗಾದರೂ ಹೇಳು ಎಂದ. ಯಾವ ಹುಡುಗಿ ಎಂದೆ. ಅವನು ನಿಂತ. ನಾನೂ ನಿಂತೆ.

"ನಮ್ಮ ಹುಡುಗ್ಯಾರೊಳಗ ಯಾರೂ ಅಲ್ಲಲಾ?"

ಅವನ ಮುಖ ನೋಡಿದರೆ ಈ ಪ್ರಶ್ನೆಯನ್ನು ಇಂದಲ್ಲ, ಎಷ್ಟೋ ದಿನಗಳಿಂದ ನುಂಗಿಕೊಂಡು ತಿರುಗುತ್ತಿದ್ದಾನೆ ಅನ್ನಿಸಿತು. ಅಲ್ಲ ಎನ್ನುವುದೋ, ಹೌದು ಎನ್ನುವುದೋ? ಒಬ್ಬರಿಗೆ ಅಲ್ಲ ಎಂದರೆ ನಾಳೆ ಇನ್ನೊಬ್ಬ ತಂದೆ ಬಂದು ಕೇಳುತ್ತಾನೆ. ಹಾಗೆ ಒಂದೊಂದೇ ಮನೆ ಬಿಡುತ್ತ ಹೋದರೆ ಕಡೆಗೆ ಒಂದೇ ಮನೆ ಉಳಿಯುತ್ತದೆ.

"ಇದ್ದಿದ್ರ ಏನ್ ಮಾಡತಿದ್ದಿ?" ಎಂದೆ.

ಹುಡುಗರು ಆಡುತ್ತಿದ್ದ ಚೆಂಡು ಉರುಳಿ ಬಂದು ಅಂತೋಣಿಯ ಕಾಲಿಗೆ ತಾಗಿದ್ದೂ ಅವನಿಗೆ ಗೊತ್ತಾಗಲಿಲ್ಲ.

"ನಾ ಸಹಿ ಮಾಡತಿದ್ದಿಲ್ಲ" ಎಂದ.

ಮತ್ತೆ ನಡೆಯತೊಡಗಿದೆವು. ಗೇಟಿನ ತನಕ ಅವನು ನನ್ನ ಬಾಯನ್ನೇ ನೋಡುತ್ತಿದ್ದ. ಅಲ್ಲ ಎಂದು ಒಂದು ಮಾತು ಅಂದಿದ್ದರೆ ಅವನ ಎದೆ ಹಗುರಾಗುತ್ತಿತ್ತೇನೋ. ನನ್ನ ಎಲ್ಲರಿಗಿಂತ ಹಳೆಯ ಗೆಳೆಯ ಅವನು. ನಾನು ಹೇಳಲಿಲ್ಲ.